ಉತ್ತರ ಬರದ ಹದಿನಾಲ್ಕು ದಿನ

ಫೆಬ್ರವರಿ ೪

ಅಣ್ಣಾ,

ನಿನ್ನ ಕಚೇರಿಯ ನೀಲಿ ಲಕೋಟೆ ಇವತ್ತು ಮುದ್ರಣಾಲಯಕ್ಕೆ ಬಂತು. ಇದು ಸಾಲಾಗಿ ಮೂರನೆಯದು. ನನ್ನ ಕರಪತ್ರದಲ್ಲಿ ಮೂವತ್ತೊಂದು ಸಾಲು ಇದ್ದವು. ಇಪ್ಪತ್ತಾರರ ಕೆಳಗೆ ನೀನು ಕೆಂಪು ಗೆರೆ ಎಳೆದಿದ್ದೀಯ. ಉಳಿದ ಐದರಲ್ಲಿ ಒಂದು ನಮ್ಮ ಮುದ್ರಣಾಲಯದ ವಿಳಾಸ.

ಯಜಮಾನರು ಹಾಳೆಯನ್ನು ಬೆಳಕಿಗೆ ಹಿಡಿದು ನೋಡಿ, "ನಿಮ್ಮಣ್ಣ ಗೆರೆ ಮಾತ್ರ ಎಷ್ಟು ನೆಟ್ಟಗೆ ಎಳೀತಾನಮ್ಮ, ನಮ್ಮ ಮಷೀನೂ ಹಾಗೆ ಎಳೆಯಲ್ಲ" ಎಂದರು. ನನಗೆ ನಗು ಬರಲಿಲ್ಲ. ಜೋಡಿಸಿಟ್ಟ ಅಚ್ಚುಮೊಳೆಗಳನ್ನೆಲ್ಲ ಬಿಚ್ಚಿ ಮತ್ತೆ ಗೂಡುಗಳಿಗೆ ಹಾಕಲು ಮಧ್ಯಾಹ್ನವೆಲ್ಲ ಬೇಕಾಯಿತು. ಅದು ಎಂಥ ಕೆಲಸ ಎಂದು ನಿನಗೆ ಗೊತ್ತಿಲ್ಲ. ಹೇಳಿದ ಮಾತನ್ನು ಒಂದೊಂದೇ ಅಕ್ಷರವಾಗಿ ನುಂಗಿದ ಹಾಗೆ.

ಸಾರ್ವಜನಿಕ ನೆಮ್ಮದಿ ಕಾಯಿದೆ ಬಂದು ಹದಿನೆಂಟು ತಿಂಗಳಾಯಿತು. ಮದುವೆಯ ಕರೆಯೋಲೆಯಿಂದ ಹಿಡಿದು ಸೋಪಿನ ಚೀಟಿಯವರೆಗೆ, ಅಚ್ಚಾಗುವ ಪ್ರತಿಯೊಂದು ಹಾಳೆಯೂ ಮೊದಲು ನಿನ್ನ ಮೇಜಿಗೆ ಬಂದು ಹೋಗಬೇಕು. ಯಾರ ನೆಮ್ಮದಿ ಅದು ಎಂದು ನೀನು ಒಂದು ದಿನವಾದರೂ ಕೇಳಿಕೊಂಡಿದ್ದೀಯಾ?

ಅಪ್ಪನ ರದ್ದಿ ಅಂಗಡಿಯಲ್ಲಿ ಕಟ್ಟುಗಳ ಮೇಲೆ ಕೂರಿಸಿಕೊಂಡು ನನಗೆ ಓದು ಕಲಿಸಿದವನು ನೀನು. ಶಾಲೆಗಿಂತ ಮೊದಲು ನಾನು ಓದಿದ್ದು ಹರಿದ ಕರಪತ್ರಗಳನ್ನು. ಸಾಲಿನ ಕೆಳಗೆ ನಿನ್ನ ಬೆರಳು ಮೆಲ್ಲಗೆ ಸರಿಯುತ್ತಿತ್ತು, ನನ್ನ ಕಣ್ಣು ಅದರ ಹಿಂದೆ ಹೋಗುತ್ತಿತ್ತು. ಈಗಲೂ ನಿನ್ನ ಕೈ ಸಾಲಿನ ಕೆಳಗೇ ಸರಿಯುತ್ತಿದೆ. 

ಅತ್ತಿಗೆಗೆ ನನ್ನ ನೆನಪು ಹೇಳು. ನಿನಗೆ ಹೇಳುವುದಿಲ್ಲ.

ಗುಬ್ಬಿ


ಫೆಬ್ರವರಿ ೧೧

ಗುಬ್ಬಿ,

ಇಪ್ಪತ್ತಾರು ಸಾಲುಗಳಲ್ಲಿ ಕಾಯಿದೆಗೆ ವಿರುದ್ಧವಾದವು ಒಂಬತ್ತು. ಉಳಿದ ಹದಿನೇಳು ಬರೀ ಕೆಟ್ಟ ಸಾಲುಗಳು. "ರಕ್ತ ಹೀರುವ ರಣಹದ್ದುಗಳೇ" ಎಂದು ಬರೆದಿದ್ದೀಯ. ರಣಹದ್ದು ರಕ್ತ ಹೀರುವುದಿಲ್ಲ, ಸತ್ತದ್ದನ್ನು ತಿನ್ನುತ್ತದೆ. ಬೈಯುವುದಾದರೂ ಸರಿಯಾಗಿ ಬೈಯಬೇಡವೇ? ಒಂದು ಕರಪತ್ರದಲ್ಲಿ "ಎದ್ದೇಳಿ" ಎಂದು ಏಳು ಸಲ ಹೇಳಿದರೆ ಎದ್ದವನೂ ಮತ್ತೆ ಮಲಗುತ್ತಾನೆ. ನಿನಗೆ ಗೊತ್ತಿರುವ ಒಂದು ಸಂಗತಿಯನ್ನು, ನೀನು ಕಣ್ಣಾರೆ ಕಂಡದ್ದನ್ನು, ಬರೆ. ಘೋಷಣೆಯ ಕೆಳಗೆ ಗೆರೆ ಎಳೆಯುವುದು ನನಗೆ ಬಹಳ ಸುಲಭ. ಸಂಗತಿಯ ಕೆಳಗೆ ಎಳೆಯುವಾಗ ಕೈ ತಡೆಯುತ್ತದೆ.

ಕಾಯಿದೆಯನ್ನು ನೀನು ಬೈಯುತ್ತೀಯ, ಓದುವುದಿಲ್ಲ. ಅದರಲ್ಲಿ ನಿನ್ನಂಥವರಿಗೂ ಒಂದು ಕಲಮು ಇದೆ. ಅರ್ಜಿ ತಲುಪಿದ ಹದಿನಾಲ್ಕು ದಿನದೊಳಗೆ ನಮ್ಮ ಕಚೇರಿ ಉತ್ತರ ಕೊಡದಿದ್ದರೆ ಒಪ್ಪಿಗೆ ಸಿಕ್ಕಿದ ಹಾಗೆಯೇ ಲೆಕ್ಕ. ಅಂಥ ದಿನ ಇದುವರೆಗೆ ಬಂದಿಲ್ಲ. ನನ್ನ ಮೇಜಿನ ಮೇಲೆ ಯಾವ ಕಾಗದವೂ ಹತ್ತು ದಿನ ದಾಟಿಲ್ಲ ಎಂಬುದು ನನ್ನ ಹೆಮ್ಮೆ. ನೀನು ನಗುತ್ತೀಯ ಎಂದು ಗೊತ್ತು.

ಇನ್ನೊಂದು ಮಾತು. ಹೊಸ ಆದೇಶ ಬಂದಿದೆ. ಇದೇ ಹದಿನೈದರಿಂದ, ಅರ್ಜಿ ಹಾಕುವವರೊಂದಿಗೆ ನಾವು ಖಾಸಗಿಯಾಗಿ ಪತ್ರ ಬರೆಯುವಂತಿಲ್ಲ, ಭೇಟಿಯಾಗುವಂತಿಲ್ಲ. ರಕ್ತಸಂಬಂಧಿಗಳಿಗೂ ವಿನಾಯಿತಿ ಇಲ್ಲ. ಹಾಗಾಗಿ ಇದು ಕೊನೆಯದು. ನಿನ್ನ ಕೆಮ್ಮು ಹೇಗಿದೆ ಎಂದು ನಿಮ್ಮತ್ತಿಗೆ ಕೇಳುತ್ತಾಳೆ. ಸೀಸದ ಮೊಳೆ ಮುಟ್ಟಿದ ಕೈಯಲ್ಲಿ ಊಟ ಮಾಡಬೇಡ.

ನಿನ್ನ ಅಣ್ಣ


ಫೆಬ್ರವರಿ ೨೬

ಅತ್ತಿಗೆ,

ಅಣ್ಣನಿಗೆ ಬರೆಯುವಂತಿಲ್ಲವಾದ್ದರಿಂದ ನಿಮಗೆ ಬರೆಯುತ್ತಿದ್ದೇನೆ. ನೀವು ತುಳಿಯುವ ಹೊಲಿಗೆ ಮಷೀನಿಗೆ ಯಾವ ಕಾಯಿದೆಯೂ ಅನ್ವಯಿಸುವುದಿಲ್ಲ ಎಂದುಕೊಳ್ಳುತ್ತೇನೆ.

ಹದಿನೇಳನೆಯ ತಾರೀಖು ನಮ್ಮ ಹಿಂದಿನ ಬೀದಿಯ ಬಣ್ಣದ ಗಿರಣಿಯಲ್ಲಿ ಬಾಯ್ಲರ್ ಸಿಡಿಯಿತು. ಮುದ್ರಣಾಲಯದ ಕಿಟಕಿ ಗಾಜು ಉದುರಿ ಮೊಳೆಗಳ ಗೂಡಿಗೆ ಬಿತ್ತು. ಅಕ್ಷರಗಳ ನಡುವೆ ಇನ್ನೂ ಗಾಜು ಸಿಗುತ್ತಿದೆ. ಸತ್ತವರು ಒಂಬತ್ತು ಎಂದು ಸರ್ಕಾರ ಹೇಳಿತು. ಬೇರೆ ಯಾವ ಸಂಖ್ಯೆ ಹೇಳಿದರೂ ಅದು "ಆತಂಕ ಹಬ್ಬಿಸುವ ಸಂಖ್ಯೆ", ಮೂರು ವರ್ಷ ಸಜೆ.

ನಾನು ಮನೆಮನೆಗೆ ಹೋದೆ. ಎಂಟು ದಿನ ಸುತ್ತಿದೆ. ಮೊದಮೊದಲು ಬಾಗಿಲಲ್ಲಿ ನಿಂತು ಭಾಷಣ ಮಾಡಿದೆ, ನನ್ನ ಸ್ವಭಾವ ನಿಮಗೆ ಗೊತ್ತಲ್ಲ. ಬಣ್ಣ ಕದಡುವವನ ಹೆಂಡತಿ ಸುಮ್ಮನೆ ಕೇಳಿಸಿಕೊಂಡು, "ಆಯ್ತೇನಮ್ಮಾ? ಈಗ ಕೂತ್ಕೋ, ಅವರ ಹೆಸರು ಬರ್ಕೋ. ಹೆಸರಿಗೆ ಭಾಷಣ ಬೇಕಾಗಲ್ಲ" ಎಂದಳು. ಆಮೇಲೆ ನಾನು ಎಲ್ಲಿಯೂ ಭಾಷಣ ಮಾಡಲಿಲ್ಲ. ಉಗಿ ನೋಡಿಕೊಳ್ಳುತ್ತಿದ್ದವನು, ಬಟ್ಟೆ ಹಿಂಡುವ ಅಕ್ಕತಂಗಿಯರು, ಗೋಣಿ ಹೊರುವವರು. ಗಿರಣಿಯ ಹಾಜರಿ ಪುಸ್ತಕದಲ್ಲಿ ಅರ್ಧದಷ್ಟು ಜನ ಇರಲೇ ಇಲ್ಲ, ದಿನಗೂಲಿಯವರು. ಪುಸ್ತಕದಲ್ಲಿ ಇಲ್ಲದವರು ಸಾಯುವುದು ಹೇಗೆ ಎಂಬುದು ಸರ್ಕಾರದ ವಾದ.

ಒಟ್ಟು ಇಪ್ಪತ್ತಮೂರು. ಇಲ್ಲಿ ಹೆಸರು ಬರೆಯುವುದಿಲ್ಲ, ಈ ಕಾಗದವನ್ನು ಯಾರು ಬಿಚ್ಚುತ್ತಾರೋ ಗೊತ್ತಿಲ್ಲ.

ಅಣ್ಣ ಹೇಳಿದ್ದ, ಕಂಡದ್ದನ್ನು ಬರೆ ಅಂತ. ಬರೆದಿದ್ದೇನೆ. ಈಗ ಅವನ ಕೈ ತಡೆಯುತ್ತದೋ ನೋಡುತ್ತೇನೆ.

ನಿಮ್ಮ ಗುಬ್ಬಿ


ಮಾರ್ಚ್ ೨

ಪ್ರಕಟಣಾ ಪರಿಶೀಲನಾ ಕಚೇರಿಗೆ

ಮಾನ್ಯರೇ,

ಇದರೊಂದಿಗೆ ಒಂದು ಹಾಳೆಯ ಪಟ್ಟಿಯನ್ನು ಅಚ್ಚಿನ ಅನುಮತಿಗಾಗಿ ಸಲ್ಲಿಸಿದ್ದೇನೆ. ಇದರಲ್ಲಿ ವ್ಯಕ್ತಿಗಳ ಹೆಸರು, ಅವರು ಮಾಡುತ್ತಿದ್ದ ಕೆಲಸ ಮತ್ತು ತೀರಿಕೊಂಡ ದಿನ ಮಾತ್ರ ಇವೆ. ಯಾವ ಸಂಖ್ಯೆಯೂ ಇಲ್ಲ. ಎಣಿಸುವ ಕೆಲಸವನ್ನು ಓದುವವರಿಗೆ ಬಿಟ್ಟಿದೆ. ರಣಹದ್ದುಗಳೂ ಇಲ್ಲ. ಸ್ವೀಕೃತಿಯ ಮುದ್ರೆ ಹಾಕಿಕೊಡಬೇಕಾಗಿ ವಿನಂತಿ.

ಅರ್ಜಿದಾರಳು, ಮೊಳೆ ಜೋಡಿಸುವವಳು


ಮಾರ್ಚ್ ೯

ಗುಬ್ಬಿ,

ನಿನ್ನ ಕಾಗದ ಸಿಕ್ಕಿತು. ಶಾಲೆಯ ಸಮವಸ್ತ್ರದ ಕೆಲಸ ತಲೆ ಮೇಲೆ ಬಿದ್ದಿದೆ, ಉತ್ತರ ಬರೆಯಲು ಪುರುಸೊತ್ತಾಗಲಿಲ್ಲ. ಸರಿಯಾಗಿ ಉಣ್ಣು.

ನಿಮ್ಮಣ್ಣ ಮಾತು ಕಡಿಮೆ ಮಾಡಿದ್ದಾರೆ. ಮೊದಲೇನು ಬಾಯಿ ತುಂಬ ಮಾತಾಡುತ್ತಿದ್ದವರಲ್ಲ, ಆದರೂ ಸಾರಿಗೆ ಉಪ್ಪು ಹೆಚ್ಚಾದರೆ ಹೇಳುತ್ತಿದ್ದರು. ಈಗ ಅದೂ ಇಲ್ಲ. ಮೊನ್ನೆ ಬೇಕೆಂದೇ ಎರಡು ಸಲ ಉಪ್ಪು ಹಾಕಿದೆ. ಉಂಡು ಎದ್ದು ಹೋದರು.

ಇದಕ್ಕೆ ಕಾರಣ ನಿನ್ನ ಅರ್ಜಿ ಒಂದೇ ಅಲ್ಲ. ಹೋದ ತಿಂಗಳ ಕೊನೆಯಲ್ಲೇ ಶುರುವಾಯಿತು. ಯಾರೋ ಹೆಂಗಸು ತಾಯಿ ತೀರಿಕೊಂಡ ಸುದ್ದಿಯ ಚೀಟಿ ಅಚ್ಚು ಹಾಕಿಸಲು ಕಚೇರಿಗೆ ತಂದಿದ್ದಳಂತೆ. ಇವರು ಎಂದಿನಂತೆ ತಿದ್ದಿ ಕೊಟ್ಟಿದ್ದಾರೆ. ಅವಳು ಚೀಟಿ ಹಿಡಿದುಕೊಂಡು ಸಂಜೆವರೆಗೂ ಮೆಟ್ಟಿಲ ಮೇಲೆ ಕೂತೇ ಇದ್ದಳಂತೆ, ಜಗಳ ಇಲ್ಲ, ಅಳು ಇಲ್ಲ. "ಮೂರೇ ಪದ ತೆಗೆದದ್ದು" ಎಂದರು ನನಗೆ. ಅಷ್ಟು ಹೇಳಿ ಕೈ ತೊಳೆಯಲು ಹೋದವರು ಬಹಳ ಹೊತ್ತು ಅಲ್ಲೇ ನಿಂತಿದ್ದರು.

ಅವರ ಸಾಹೇಬರು ಕಣ್ಣಿನ ಆಪರೇಷನ್ನಿಗೆ ರಜೆ ಹಾಕಿದ್ದಾರೆ. ಇಪ್ಪತ್ತನೇ ತಾರೀಖಿನವರೆಗೆ ಬರುವುದಿಲ್ಲವಂತೆ. ಇಡೀ ಊರಿನ ಕಾಗದ ಓದುವವರಿಗೆ ಕಣ್ಣಿಗೇ ಪೊರೆ ಬಂದಿತ್ತು ನೋಡು.

ನಿನ್ನ ಅತ್ತಿಗೆ


ಮಾರ್ಚ್ ೧೪

ಪ್ರಕಟಣಾ ಪರಿಶೀಲನಾ ಕಚೇರಿಗೆ
ವಿಷಯ: ನೆನಪೋಲೆ

ಮಾನ್ಯರೇ,

ನನ್ನ ಅರ್ಜಿ ನಿಮ್ಮ ಮೇಜಿನ ಮೇಲೆ ಹನ್ನೆರಡು ದಿನಗಳಿಂದ ಕೂತಿದೆ. ಹತ್ತು ದಿನ ದಾಟಿದ ಕಾಗದ ತಮ್ಮ ಮೇಜಿನ ಮೇಲೆ ಇಲ್ಲವೆಂದು ಹೆಮ್ಮೆಪಟ್ಟವರೊಬ್ಬರು ನನಗೆ ಗೊತ್ತು. ಹದಿನಾಲ್ಕನೆಯ ದಿನ ಕಳೆದ ಮೇಲೆ ಹಿಂದಿನ ತಾರೀಖು ಹಾಕಿ ತಿರಸ್ಕರಿಸುವ ಉದ್ದೇಶವಿದ್ದರೆ, ಇವತ್ತಿನವರೆಗೆ ಉತ್ತರ ಬಂದಿಲ್ಲ ಎಂಬುದಕ್ಕೆ ಈ ಪತ್ರವೇ ಸಾಕ್ಷಿ. ಇದಕ್ಕೂ ಮುದ್ರೆ ಹಾಕಿಸಿಕೊಂಡಿದ್ದೇನೆ.

ಒಪ್ಪಿಗೆ ಕೊಡುವ ಧೈರ್ಯ ಇಲ್ಲದಿದ್ದರೆ ಬೇಡ ಎನ್ನುವ ಧೈರ್ಯವನ್ನಾದರೂ ತೋರಿಸಿ. ಸತ್ತವರ ಹೆಸರಿನ ಮೇಲೆ ಕೈಕಟ್ಟಿ ಕೂರುವುದು ಹೇಡಿತನ.

ಅರ್ಜಿದಾರಳು


ಮಾರ್ಚ್ ೧೬

ಗುಬ್ಬಿ,

ಕಚೇರಿಗೆ ಏನು ಕಳಿಸಿದೆ ನೀನು?

ಮೊನ್ನೆ ಸಂಜೆ ಇವರು ಬಂದವರು ಚಪ್ಪಲಿ ಕೂಡ ಬಿಡದೆ ಅಡುಗೆಮನೆಗೆ ಬಂದು ಗೋಡೆಯ ಕ್ಯಾಲೆಂಡರಿನ ಮುಂದೆ ನಿಂತರು. ಹದಿನಾರನೇ ತಾರೀಖಿನ ಸುತ್ತ ಪೆನ್ಸಿಲಿನಲ್ಲಿ ಒಂದು ಸುತ್ತು ಹಾಕಿದ್ದರು, ಅದನ್ನು ನಾನೂ ನೋಡಿದ್ದೆ, ಕೇಳಿರಲಿಲ್ಲ. ಅದನ್ನು ರಬ್ಬರಿನಿಂದ ಅಳಿಸಿದರು. ಬೆರಳಿಟ್ಟು ಎಣಿಸಿ ಇಪ್ಪತ್ತೆಂಟಕ್ಕೆ ಹೊಸ ಸುತ್ತು ಹಾಕಿದರು. ಆಮೇಲೆ ನಕ್ಕರು. "ನಮ್ಮ ಗುಬ್ಬಿಗೆ ಎರಡು ದಿನ ಬಾಯಿ ಮುಚ್ಚಿಕೊಂಡಿರು ಅಂತ ಹೇಳೋರು ಯಾರೂ ಇಲ್ಲವಲ್ಲ" ಎಂದರು. ತಿಂಗಳ ಮೇಲೆ ನಕ್ಕದ್ದು, ನನಗೆ ಸಂತೋಷವಾಗಬೇಕಿತ್ತು. ಆಗಲಿಲ್ಲ.

ಇಪ್ಪತ್ತೆಂಟಕ್ಕೆ ಏನು ಎಂದು ಕೇಳಿದೆ. "ಏನೂ ಇಲ್ಲ. ಅವತ್ತಿನವರೆಗೆ ಏನೂ ಆಗಬಾರದು ಅಷ್ಟೆ" ಎಂದರು.

ಹೆದರಿಕೆ ಆಗುತ್ತಿದೆ. ನಿನಗೇನಾದರೂ ತಿಳಿದರೆ ಬರೆ.

ಅತ್ತಿಗೆ


ಮಾರ್ಚ್ ೧೯

ಅತ್ತಿಗೆ,

ನಿಮ್ಮ ಕಾಗದವನ್ನು ಯಜಮಾನರಿಗೆ ಓದಿ ಹೇಳಿದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, "ನೆನಪೋಲೆ ಹಾಕಿದೆಯೇನೇ ನೀನು?" ಎಂದರು.

"ಹಾಕಿದೆ. ಮುದ್ರೆ ಸಮೇತ."

"ಕಾಯಿದೆ ಓದಿದ್ದೀಯಾ?"

"ಓದದೇ ಇರ್ತೀನಾ?"

"ಬೈಯೋಕೆ ಎಷ್ಟು ಬೇಕೋ ಅಷ್ಟು ಓದಿರ್ತೀಯ. ಹನ್ನೊಂದನೇ ಕಲಮು ನೋಡು ಹೋಗು."

ನೋಡಿದೆ. ಅರ್ಜಿದಾರರಿಂದ ನೆನಪೋಲೆ ಬಂದರೆ ಅದನ್ನು ಹೊಸ ಅರ್ಜಿಯೆಂದೇ ತಿಳಿಯಬೇಕು, ಅದು ತಲುಪಿದ ದಿನದಿಂದ ಹದಿನಾಲ್ಕು ದಿನಗಳು ಮತ್ತೆ ಮೊದಲಿನಿಂದ ಶುರು.

ಅಣ್ಣ ಸುಮ್ಮನೆ ಕೂತಿರಲಿಲ್ಲ ಅತ್ತಿಗೆ. ಸುಮ್ಮನಿರುವ ಕೆಲಸ ಮಾಡುತ್ತಿದ್ದ. ಇಂಥ ಪಟ್ಟಿಗೆ ಒಪ್ಪಿಗೆ ಬರೆದುಕೊಡುವ ಅಧಿಕಾರ ಅವನಿಗಿಲ್ಲ, ಬೇಡ ಎನ್ನಲು ಮನಸ್ಸಿಲ್ಲ, ಉಳಿದದ್ದು ಉತ್ತರ ಕೊಡದೇ ಇರುವುದು. ಸಾಹೇಬರು ರಜೆಯ ಮೇಲಿದ್ದರು, ಹದಿನಾರಕ್ಕೆ ಎಲ್ಲ ಮುಗಿಯುತ್ತಿತ್ತು, ಕೇಳುವವರು ಇರಲಿಲ್ಲ. ಇನ್ನು ಎರಡು ದಿನ ಇರುವಾಗ ನಾನು ಹೋಗಿ ಅವನನ್ನು ಹೇಡಿ ಎಂದು ಬರೆದು ಕೊಟ್ಟು ಬಂದೆ. ಅವನು ನನಗೆ ತಿಳಿಸುವುದಾದರೂ ಹೇಗೆ? ಒಂದು ಅಕ್ಷರ ಬರೆದಿದ್ದರೂ ಅದು ಉತ್ತರವಾಗುತ್ತಿತ್ತು.

ಈಗ ನಾಳೆ ಸಾಹೇಬರು ವಾಪಸು ಬರುತ್ತಾರೆ. ಅರ್ಜಿ ಹಿಂತೆಗೆದುಕೊಳ್ಳೋಣ ಎಂದು ಒಂದು ಕ್ಷಣ ಅನ್ನಿಸಿತು. ಹಾಗೆ ಮಾಡಿದರೆ ಅಣ್ಣ ಪಾರಾಗುತ್ತಾನೆ. ಬಣ್ಣ ಕದಡುವವನ ಹೆಂಡತಿ ಬೆಳಿಗ್ಗೆ ಬಂದು, ಅಚ್ಚಾಯಿತಾ ಎಂದು ಕೇಳಿ ಹೋದಳು. ನೀವು ಹೇಳಿದ ಹಾಗೆ ಕೇಳುತ್ತೇನೆ. ಹಿಂತೆಗೆದುಕೊ ಎಂದರೆ ಇವತ್ತೇ ಹೋಗಿ ತೆಗೆದುಕೊಳ್ಳುತ್ತೇನೆ. ಅಣ್ಣನನ್ನು ಕೇಳಿ.

ಗುಬ್ಬಿ


ಮಾರ್ಚ್ ೨೩

ಗುಬ್ಬಿ,

ಕೇಳಿದೆ. ಅವರ ಮಾತನ್ನು ಹಾಗೇ ಬರೆಯುತ್ತೇನೆ. "ಅವಳಿಗೆ ನಾನು ಏನೂ ಹೇಳಿಲ್ಲ ಅಂತ ಹೇಳು."

ಅದು ಉತ್ತರವೋ ಅಲ್ಲವೋ ನೀವಿಬ್ಬರೇ ತೀರ್ಮಾನ ಮಾಡಿಕೊಳ್ಳಿ, ಅಪ್ಪ ರದ್ದಿ ಕಾಗದ ಉಣ್ಣಿಸಿ ಬೆಳೆಸಿದ ಮಕ್ಕಳು. ನಾನು ಬಟ್ಟೆ ಹೊಲಿಯುವವಳು, ನನಗೆ ಅಳತೆ ಮಾತ್ರ ಗೊತ್ತು. ಇವರ ಅಂಗಿಯ ಕತ್ತು ಎರಡು ವಾರದಲ್ಲಿ ಸಡಿಲವಾಗಿದೆ.

ಸಾಹೇಬರು ಬಂದ ದಿನವೇ ಬಾಕಿ ಕಾಗದಗಳ ಪಟ್ಟಿ ಕೇಳಿದರಂತೆ. "ಇದೇನ್ರೀ, ಇದೊಂದು ಇನ್ನೂ ಇಲ್ಲೇ ಇದೆ?" ಎಂದರಂತೆ. ಇವರು "ಓದ್ತಾ ಇದ್ದೀನಿ ಸರ್" ಎಂದರಂತೆ. "ಒಂದು ಹಾಳೆ ಓದೋಕೆ ಎಷ್ಟು ದಿನ ಬೇಕ್ರೀ ನಿಮಗೆ?" "ಇದಕ್ಕೆ ಸ್ವಲ್ಪ ಹೆಚ್ಚು ಬೇಕು ಸರ್." ಸಾಹೇಬರ ಕಣ್ಣಿಗೆ ಇನ್ನೂ ಪಟ್ಟಿ ಇದೆ, ತಾವೇ ಓದಲು ಆಗುವುದಿಲ್ಲ. ಅದೊಂದೇ ಪುಣ್ಯ.

ಹಿಂತೆಗೆದುಕೊಳ್ಳಬೇಡ. ಇದು ನಾನು ಹೇಳುತ್ತಿರುವುದು. ಆ ಸುತ್ತನ್ನು ಇನ್ನೊಂದು ಸಲ ಅಳಿಸುವುದನ್ನು ನಾನು ನೋಡಲಾರೆ. ನೀನು ಮಾತ್ರ ಬಾಯಿ ಹೊಲಿದುಕೊಂಡಿರು. ದಾರ ಬೇಕಾದರೆ ಕಳಿಸುತ್ತೇನೆ.

ಅತ್ತಿಗೆ


ಮಾರ್ಚ್ ೨೯

ಅತ್ತಿಗೆ,

ನಿನ್ನೆ ಸಂಜೆ ಕಚೇರಿ ಬಾಗಿಲು ಹಾಕುವವರೆಗೂ ಎದುರಿನ ಬಸ್ ನಿಲ್ದಾಣದಲ್ಲಿ ನಿಂತಿದ್ದೆ. ಒಳಗೆ ಹೋಗಲಿಲ್ಲ, ಯಾರೊಂದಿಗೂ ಮಾತಾಡಲಿಲ್ಲ. ಅಣ್ಣ ಹೊರಗೆ ಬಂದ. ನನ್ನನ್ನು ನೋಡಿದ. ತಲೆ ಬಗ್ಗಿಸಿಕೊಂಡು ಕೊಡೆ ಬಿಚ್ಚಿ ನಡೆದುಹೋದ. ಮಳೆ ಇರಲಿಲ್ಲ, ಬಿಸಿಲೂ ಇಳಿದಿತ್ತು.

ಇವತ್ತು ಬೆಳಿಗ್ಗೆ ಅಚ್ಚು ಹಾಕಿದೆವು. ಐನೂರು ಪ್ರತಿ. ಕಾಯಿದೆ ಪ್ರಕಾರ ಇದು ಒಪ್ಪಿಗೆ ಪಡೆದ ಕಾಗದ, ಯಾರೂ ನನ್ನನ್ನು ಮುಟ್ಟುವಂತಿಲ್ಲ. ಮಧ್ಯಾಹ್ನದ ಹೊತ್ತಿಗೆ ಗಿರಣಿಯ ಬೀದಿಯ ಗೋಡೆಗಳ ಮೇಲೆಲ್ಲ ಹಚ್ಚಿದ್ದರು. ಜನ ಗುಂಪುಗೂಡಲಿಲ್ಲ, ಕೂಗಲಿಲ್ಲ. ಒಬ್ಬೊಬ್ಬರೇ ಬಂದು ಬೆರಳಿಟ್ಟು ಓದಿಕೊಂಡು ಎಣಿಸಿ ಹೋದರು. ಬಣ್ಣ ಕದಡುವವನ ಹೆಂಡತಿ ಮಸಿ ಒಣಗುವ ಮೊದಲೇ ಮುಟ್ಟಿದಳು. ಹೆಸರು ಸ್ವಲ್ಪ ಕದಡಿತು. ಅವಳು ಬೆರಳು ಒರೆಸಿಕೊಳ್ಳಲಿಲ್ಲ.

ಅಣ್ಣನಿಗೆ ಹೇಳಿ. ಇಲ್ಲ, ಏನೂ ಹೇಳಬೇಡಿ. ಇವತ್ತಿಗೆ ಅದೇ ಸರಿ.

ಗುಬ್ಬಿ


ಏಪ್ರಿಲ್ ೧೩

ಗುಬ್ಬಿ,

ಅವರನ್ನು ಕರೆದುಕೊಂಡು ಹೋಗಿ ಹನ್ನೊಂದು ದಿನವಾಯಿತು. ಎರಡನೇ ತಾರೀಖು ಮಧ್ಯಾಹ್ನ, ಕಚೇರಿಯಿಂದಲೇ. ಆರೋಪ ಬರವಣಿಗೆಯಲ್ಲಿ ಕೊಟ್ಟಿದ್ದಾರೆ: ಉತ್ತರ ಕೊಡದೇ ಇರುವ ಮೂಲಕ ಆತಂಕ ಹಬ್ಬಲು ನೆರವಾದದ್ದು. ನಿನಗೆ ತಕ್ಷಣ ಬರೆಯಲಿಲ್ಲ. ಬರೆದಿದ್ದರೆ ನೀನು ಅಲ್ಲಿಗೆ ಓಡಿಹೋಗಿ ಬಾಗಿಲು ಬಡಿಯುತ್ತಿದ್ದೆ.

ನಿನ್ನೆ ಮೊದಲ ಭೇಟಿ ಕೊಟ್ಟರು, ಹತ್ತು ನಿಮಿಷ. ನಡುವೆ ಜಾಲರಿ. ಅಂಗಿಯ ಗುಂಡಿ ಒಂದು ಕಿತ್ತುಹೋಗಿತ್ತು, ಒಳಗೆ ಸೂಜಿ ಬಿಡಲಿಲ್ಲ. ನನ್ನನ್ನು ಕೇಳಿದ್ದು ಒಂದೇ: "ಗುಬ್ಬಿಯ ಪಟ್ಟಿ ನೋಡಿದೆಯಾ?" ನೋಡಿದೆ ಎಂದೆ. "ಒಂದು ಹೆಸರು ಬಿಟ್ಟುಹೋಗಿದೆ" ಎಂದರು.

ನೆನಪಿದೆಯಾ, ತಾಯಿಯ ಸಾವಿನ ಚೀಟಿ ಹಿಡಿದು ಮೆಟ್ಟಿಲ ಮೇಲೆ ಕೂತಿದ್ದವಳು? ಆ ತಾಯಿ ಗಿರಣಿಯ ಗೇಟಿನ ಪಕ್ಕ ಚಹಾ ಮಾರುತ್ತಿದ್ದ ಮುದುಕಿ. ಗಿರಣಿಯ ಕೆಲಸದವಳಲ್ಲ, ಹಾಗಾಗಿ ಯಾರ ಲೆಕ್ಕಕ್ಕೂ ಬರಲಿಲ್ಲ. ಮಗಳು ಚೀಟಿಯಲ್ಲಿ "ಗಿರಣಿಯ ಬಾಯ್ಲರ್ ಸಿಡಿದು ತೀರಿಕೊಂಡರು" ಎಂದು ಬರೆಸಿದ್ದಳು. ಇವರು ಮೊದಲ ಮೂರು ಪದ ಹೊಡೆದು ಹಾಕಿದರು. "ತೀರಿಕೊಂಡರು" ಎಂದಷ್ಟೇ ಉಳಿಯಿತು.

"ಪಟ್ಟಿ ಬಂದ ದಿನವೇ ನನಗೆ ಗೊತ್ತಾಯಿತು, ಆ ಹೆಸರು ಇಲ್ಲ ಅಂತ. ಹೇಳೋಕೆ ಆಗಲಿಲ್ಲ. ಹೇಳಿದರೆ ಇಪ್ಪತ್ತಮೂರೂ ಹೋಗ್ತಿತ್ತು" ಎಂದರು. ಆಮೇಲೆ ಜಾಲರಿಗೆ ಬಾಯಿ ಹತ್ತಿರ ತಂದು ಆ ಹೆಸರು ಹೇಳಿದರು. ಕಾಗದದಲ್ಲಿ ಬರೆಯುವುದಿಲ್ಲ. ಭಾನುವಾರ ಬಾ, ಬಾಯಲ್ಲಿ ಹೇಳುತ್ತೇನೆ.

ಅತ್ತಿಗೆ


ಮೇ ೧೦

ಅಣ್ಣಾ,

ಈಗ ನಿನಗೆ ಬರೆಯಬಹುದಂತೆ. ನೀನು ಕಚೇರಿಯವನಲ್ಲವಲ್ಲ, ಬರೀ ಕೈದಿ. ನಿನಗಿಂತ ಮೊದಲು ಇದನ್ನು ಓದುವವರಿಗೆ ಇದರಲ್ಲಿ ಹೊಸದೇನೂ ಸಿಗುವುದಿಲ್ಲ. ನಾನು ಏನು ಮಾಡಿದೆನೋ ಅದನ್ನು ಬಹಿರಂಗವಾಗಿಯೇ ಮಾಡಿದ್ದೇನೆ.

ಆ ಮುದುಕಿಯ ಹತ್ತಿರ ನಾನು ಚಹಾ ಕುಡಿದಿದ್ದೇನೆ ಅಣ್ಣಾ. ಎರಡು ವರ್ಷ, ಹೆಚ್ಚುಕಡಿಮೆ ದಿನವೂ. ಲೋಟ ತೊಳೆದು ಕವುಚಿ ಇಡುತ್ತಿದ್ದಳು. ದುಡಿಯುವ ಜನರ ಬಗ್ಗೆ ಅವಳ ಬೆಂಚಿನ ಮೇಲೆ ಕೂತು ನಾನು ಎಷ್ಟು ಮಾತಾಡಿದೆನೋ, ಅವಳ ಹೆಸರು ಒಂದು ದಿನವೂ ಕೇಳಲಿಲ್ಲ. ನೀನು ಮೂರು ಪದ ಹೊಡೆದೆ. ನಾನು ಅವಳನ್ನೇ ಬಿಟ್ಟೆ. ನಮ್ಮಿಬ್ಬರಲ್ಲಿ ಯಾರದು ದೊಡ್ಡ ತಪ್ಪು ಎಂದು ನೀನು ಹೊರಗೆ ಬಂದ ಮೇಲೆ ಜಗಳ ಆಡೋಣ.

ಏಪ್ರಿಲ್ ಇಪ್ಪತ್ತೊಂದಕ್ಕೆ ಹೊಸ ಅರ್ಜಿ ಹಾಕಿದೆ, ಒಂದೇ ಹೆಸರಿನ ಹಾಳೆ. ಸುಮ್ಮನೆ ಕಾದೆ, ನೀನು ನಂಬುವುದಿಲ್ಲ, ನೆನಪೋಲೆ ಹಾಕಲಿಲ್ಲ. ಹದಿಮೂರನೆಯ ದಿನ ಕಾಯಿದೆಗೆ ತಿದ್ದುಪಡಿ ಬಂತು. ಹದಿನಾಲ್ಕು ದಿನದ ಆ ಕಲಮನ್ನು ತೆಗೆದುಹಾಕಿದ್ದಾರೆ. ಇನ್ನು ಮುಂದೆ ಉತ್ತರ ಬರದಿದ್ದರೆ ಬೇಡ ಎಂದೇ ಅರ್ಥ. ಸುಮ್ಮನಿರುವುದರಿಂದಲೂ ಹೀಗೊಂದು ಕೆಲಸ ಆಗುತ್ತದೆ ಎಂದು ಅವರಿಗೆ ತೋರಿಸಿಕೊಟ್ಟವನು ನೀನು. ಅವರು ಬೇಗ ಕಲಿಯುತ್ತಾರೆ.

ನಾನು ಮೊನ್ನೆ ಅಚ್ಚು ಹಾಕಿದೆ. ಯಜಮಾನರನ್ನು ಮಧ್ಯಾಹ್ನ ಮನೆಗೆ ಕಳಿಸಿ, ಒಬ್ಬಳೇ. ಅವಳ ಹೆಸರು, ಅದರ ಕೆಳಗೆ "ಚಹಾ ಮಾರುತ್ತಿದ್ದರು", ಅದರ ಕೆಳಗೆ ನೀನು ತೆಗೆದ ಮೂರು ಪದಗಳೊಂದಿಗೆ ಆ ವಾಕ್ಯ. ಒಂದೇ ಒಂದು ಘೋಷಣೆಯೂ ಇಲ್ಲ. ಕೊನೆಯಲ್ಲಿ ಅಚ್ಚು ಹಾಕಿದವಳು ಎಂದು ನನ್ನ ಪೂರ್ತಿ ಹೆಸರು ಹಾಕಿದ್ದೇನೆ, ಅಪ್ಪ ಇಟ್ಟದ್ದು. ಆ ಅಕ್ಷರಗಳನ್ನು ನಾನು ಇದುವರೆಗೆ ಒಂದು ಸಲವೂ ಜೋಡಿಸಿರಲಿಲ್ಲ. ಗೂಡಿನಲ್ಲಿ ಹುಡುಕುವಾಗ ಒಂದು ಚೂರು ಗಾಜು ಬೆರಳಿಗೆ ಚುಚ್ಚಿತು.

ಮುದುಕಿಯ ಮಗಳಿಗೆ ನೂರು ಪ್ರತಿ ಕೊಟ್ಟೆ. ಒಂದನ್ನು ಮಡಿಸದೆ, ಎರಡೂ ಕೈಯಲ್ಲಿ ಚಪ್ಪಟೆಯಾಗಿ ಹಿಡಿದುಕೊಂಡು ಹೋದಳು.

ನಾಳೆ ಬೆಳಿಗ್ಗೆ ಹತ್ತು ಗಂಟೆಗೆ ನಿನ್ನ ಹಳೆಯ ಕಚೇರಿಗೆ ಒಂದು ಪ್ರತಿ ನಾನೇ ತೆಗೆದುಕೊಂಡು ಹೋಗುತ್ತೇನೆ. ಸ್ವೀಕೃತಿಯ ಮುದ್ರೆ ಹಾಕಿಸಿಕೊಳ್ಳುತ್ತೇನೆ. ಅತ್ತಿಗೆ ಜೊತೆಗೆ ಬರುತ್ತಾರಂತೆ, ಬೇಡ ಎಂದರೂ ಕೇಳುತ್ತಿಲ್ಲ. ನನ್ನ ಅಂಗಿಯ ಗುಂಡಿಗಳನ್ನೆಲ್ಲ ಇವತ್ತೇ ಎರಡೆರಡು ಸಲ ಹೊಲಿದು ಗಟ್ಟಿ ಮಾಡಿದ್ದಾರೆ.

ಉತ್ತರ ಬರೆಯಲು ಅವಸರ ಮಾಡಬೇಡ. ಎಷ್ಟು ದಿನವಾದರೂ ಕಾಯುತ್ತೇನೆ. ನೆನಪೋಲೆ ಬರೆಯುವುದಿಲ್ಲ.

ನಿನ್ನ ಗುಬ್ಬಿ